ಕಮೂನ ಕಾದಂಬರಿ ಕಾರವಾರದ ಕಡಲಿಗೆ ಬಂದರೆ

ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ಪುಸ್ತಕದ ಸುತ್ತ ಇವೆ: ಆಲ್ಬೆರ್ ಕಮೂ 1942ರಲ್ಲಿ ಪ್ರಕಟಿಸಿದ ‘ದಿ ಔಟ್‌ಸೈಡರ್’. ಅಲ್ಜೀರ್ಸ್‌ನ ಗುಮಾಸ್ತ ಮರ್ಸೋ ತಾಯಿಯ ಶವಸಂಸ್ಕಾರದಲ್ಲಿ ಅಳುವುದಿಲ್ಲ. ಎರಡು ಮೂರು ವಾರದಲ್ಲಿ ಸುಡುಬಿಸಿಲಿನ ಕಡಲತೀರದಲ್ಲಿ ಅರಬನೊಬ್ಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕೋರ್ಟು ಅವನು ಅಳಲಿಲ್ಲ ಎಂಬುದನ್ನೇ ಹಿಡಿದುಕೊಂಡು ಮರಣದಂಡನೆ ವಿಧಿಸುತ್ತದೆ.

ಪ್ರಶ್ನೆ: ಕಾದಂಬರಿ ಪೂರ್ತಿ ‘ನಾನು’ ಎಂದೇ ನಡೆಯುತ್ತದೆ. ಹಿನ್ನೆಲೆ ಧ್ವನಿಯಿಲ್ಲದೆ ಚಿತ್ರಕಥೆ ಮಾಡಲಾದೀತೇ? (ಶಿರಸಿಯ ಕಿರುಚಿತ್ರ ತಂಡ)

ಆದೀತು. ಮೊದಲು ಒಂದು ಕೆಲಸ ಮಾಡಿ. ಪುಸ್ತಕದ ಮೊದಲ ಭಾಗದ ಆರು ಅಧ್ಯಾಯಗಳನ್ನು ತೆಗೆದುಕೊಂಡು, ಮರ್ಸೋ ಕಂಡದ್ದು, ಕೇಳಿದ್ದು, ಮೈಗೆ ತಾಗಿದ್ದು ಇರುವ ಸಾಲುಗಳಿಗೆಲ್ಲ ಹಸಿರು ಗೆರೆ ಎಳೆಯಿರಿ. ಅವನು ಯೋಚಿಸಿದ್ದಕ್ಕೆ ಕೆಂಪು. ಪುಟಗಟ್ಟಲೆ ಹಸಿರೇ ಬರುತ್ತದೆ. ಈ ಕಾದಂಬರಿಯಲ್ಲಿ ಎಲ್ಲವೂ ಮನಸ್ಸಿನೊಳಗೆ ನಡೆಯುತ್ತದೆ ಎಂಬುದು ತಪ್ಪು ಗ್ರಹಿಕೆ. ಬಹುಪಾಲು ಕಣ್ಣಿಗೆ ಕಾಣುವಂಥದ್ದೇ. ಕೆಂಪು ದಟ್ಟವಾಗುವುದು ಎರಡನೆಯ ಭಾಗದ ಕೊನೆಯಲ್ಲಿ. ಅಲ್ಲಿ ಪಾದ್ರಿಯ ಮುಂದೆ ಅವನು ಬಾಯಿಬಿಟ್ಟೇ ಕೂಗುತ್ತಾನೆ, ಆದ್ದರಿಂದ ಅದು ಸಂಭಾಷಣೆಯಾಗಿಯೇ ಸಿಗುತ್ತದೆ.

ಇನ್ನು ನಿಮ್ಮ ಕರಡಿನಲ್ಲಿ ‘ಯಾಕೆಂದರೆ’ ಎಂಬ ಅರ್ಥ ಕೊಡುವ ಮಾತುಗಳನ್ನು ಹುಡುಕಿ ಹೊಡೆದುಹಾಕಿ. ಬಾಲ್ಯದ ನೆನಪು, ಕನಸು, ತಾಯಿಯ ಮೇಲಿನ ಮುನಿಸು, ಇವೆಲ್ಲ ಅವನು ಅಳದಿದ್ದುದಕ್ಕೆ ಕಾರಣ ಒದಗಿಸುತ್ತವೆ. ಕಾರಣ ಸಿಕ್ಕಿದ ಕ್ಷಣಕ್ಕೆ ಪ್ರೇಕ್ಷಕ ಅವನನ್ನು ಅರ್ಥಮಾಡಿಕೊಂಡು ಕ್ಷಮಿಸಿಬಿಡುತ್ತಾನೆ, ಕಾದಂಬರಿ ಅಲ್ಲಿಗೆ ಮುಗಿಯಿತು. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಸೀಮೆಯಲ್ಲಿ ಇದು ಇನ್ನೂ ಕಷ್ಟ. ಪಾತ್ರ ತನ್ನ ಮನಸ್ಸನ್ನು ಅರ್ಥಗಾರಿಕೆಯಲ್ಲಿ ಬಿಚ್ಚಿಡುವುದು ನಮಗೆ ಕಲೆಯ ಸಹಜ ರೀತಿ. ಯಕ್ಷಗಾನದ ನಟರನ್ನು ಹಾಕಿಕೊಳ್ಳುವುದಾದರೆ ಅವರನ್ನು ವಕೀಲ, ಸಾಕ್ಷಿ, ನೆರೆಯವನ ಪಾತ್ರಗಳಿಗೆ ಇಟ್ಟುಕೊಳ್ಳಿ. ಕೋರ್ಟಿನ ದೃಶ್ಯ ಅವರಿಂದ ಕಳೆಕಟ್ಟುತ್ತದೆ. ನಾಯಕನಿಗೆ ಸುಮ್ಮನೆ ಕೂತು ರಸ್ತೆ ನೋಡಬಲ್ಲ ಮುಖ ಬೇಕು.

ಅವಧಿಯ ಲೆಕ್ಕವೂ ತಪ್ಪುವುದು ಇಲ್ಲೇ. ಚಿತ್ರಕಥೆಯ ಒಂದು ಪುಟಕ್ಕೆ ಒಂದು ನಿಮಿಷ ಎನ್ನುವುದು ಮಾತಿನ ದೃಶ್ಯಗಳಿಗೆ ಸರಿ. ಅವನು ಭಾನುವಾರವಿಡೀ ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುವ ಅಧ್ಯಾಯ ಚಿತ್ರಕಥೆಯಲ್ಲಿ ಅರ್ಧ ಪುಟ, ತೆರೆಯ ಮೇಲೆ ನಾಲ್ಕು ನಿಮಿಷ. ಅಂಥ ದೃಶ್ಯಗಳನ್ನು ಒಬ್ಬರು ಓದುತ್ತಾ ಇನ್ನೊಬ್ಬರು ಸ್ಟಾಪ್‌ವಾಚ್ ಹಿಡಿದು ಅಳೆಯಿರಿ.

ಪ್ರಶ್ನೆ: ಕಥೆಯನ್ನು ಈಗಿನ ಕಾರವಾರದಲ್ಲಿ ನಡೆಸಬಹುದೇ? (ಅಂಕೋಲೆಯ ಓದುಗರು)

ಈಗಿನ ಕಾಲ ಬೇಡ, 1950ರಿಂದ 1955ರ ನಡುವೆ ಇಡಿ. ಕಾದಂಬರಿ ಶುರುವಾಗುವುದೇ ತಾಯಿ ಸತ್ತದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನದಿಂದ, ತಂತಿಯಲ್ಲಿ ದಿನ ಇರಲಿಲ್ಲವಾದ್ದರಿಂದ. ವಾಟ್ಸ್ಆ್ಯಪ್ ಸಂದೇಶದ ಕೆಳಗೆ ಗಂಟೆ ನಿಮಿಷ ಎಲ್ಲ ಇರುತ್ತದೆ, ಅನುಮಾನಕ್ಕೆ ಜಾಗವೇ ಇಲ್ಲ. ಎರಡನೆಯದು ಶಿಕ್ಷೆ. 1956ಕ್ಕೆ ಮುಂಚೆ ಕೊಲೆ ಸಾಬೀತಾದರೆ ಗಲ್ಲು ಕೊಡದಿರುವುದಕ್ಕೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ತಿರುಗಿಸಿ, ಗಲ್ಲು ಕೊಡಲು ವಿಶೇಷ ಕಾರಣ ಬೇಕೆಂದಿತು. 1980ರ ಬಚನ್ ಸಿಂಗ್ ತೀರ್ಪು ಅದನ್ನು ‘ವಿರಳಾತಿವಿರಳ’ ಪ್ರಕರಣಕ್ಕೆ ಸೀಮಿತಗೊಳಿಸಿತು. ಇಂದಿನ ಕೋರ್ಟಿನಲ್ಲಿ ಈ ಆರೋಪಿಗೆ ಗಲ್ಲು ಆಯಿತೆಂದರೆ ಹಿಂದಿನ ಸಾಲಿನಲ್ಲಿ ಕೂತ ವಕೀಲರು ಎದ್ದು ಹೋಗುತ್ತಾರೆ. 1950ರಿಂದ 1955ರ ಆ ಕಾಲದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಬಾಂಬೆ ರಾಜ್ಯದಲ್ಲಿತ್ತು. ಗಲ್ಲುಶಿಕ್ಷೆಯನ್ನು ಬಾಂಬೆ ಹೈಕೋರ್ಟ್ ದೃಢಪಡಿಸಬೇಕಿತ್ತು. ಕೊನೆಯ ಅಧ್ಯಾಯದ ಕಾಯುವಿಕೆಗೆ ಇದು ಹೇಳಿ ಮಾಡಿಸಿದಂತಿದೆ. ರಿವಾಲ್ವರ್ ಎಲ್ಲಿಂದ ಬಂತು ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಇದೆ: ಗೋವಾ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರದು, ಗಡಿಯ ಊರು ಮಾಜಾಳಿಯಾಚೆ ಬೇರೆಯೇ ದೇಶ.

ಆದರೆ ಮುಖ್ಯವಾದದ್ದು ಸಾವಿನ ಮನೆ. ಮೂಲದಲ್ಲಿ ಅವನು ಶವದ ಬಳಿ ಹಾಲು ಹಾಕಿದ ಕಾಫಿ ಕುಡಿದು ಸಿಗರೇಟು ಸೇದುತ್ತಾನೆ. ಸರಕಾರಿ ವಕೀಲ ಅದನ್ನೇ ಸಾಕ್ಷ್ಯ ಮಾಡುತ್ತಾನೆ. ನಮ್ಮ ಘಟ್ಟದ ಮೇಲಿನ ಹಳ್ಳಿಮನೆಯಲ್ಲಿ ಹೆಣ ಎತ್ತುವವರೆಗೆ ಒಲೆ ಹಚ್ಚುವುದಿಲ್ಲ. ಅಂಥ ಮನೆಯ ಜಗಲಿಯಲ್ಲಿ ಮಗ ಪಕ್ಕದ ಮನೆಯವರು ತಂದ ಚಾ ಕುಡಿದು, ಬಟ್ಟಲು ಎಳೆದುಕೊಂಡು, ಎಲೆಗೆ ಸುಣ್ಣ ಸವರಿ ಕವಳ ಹಾಕುತ್ತಾನೆ ಎಂದಿಡಿ. ಒಂದು ಮಾತೂ ಬೇಕಿಲ್ಲ, ನೋಡುವವರ ಮೈ ಬಿಗಿಯುತ್ತದೆ. ಸಿಗರೇಟಾದರೆ ದೃಶ್ಯ ಇರುವಷ್ಟು ಹೊತ್ತೂ ತೆರೆಯ ಕೆಳಗೆ ತಂಬಾಕಿನ ಎಚ್ಚರಿಕೆ ಬರಹ ಹಾಕಲೇಬೇಕು. ಹೊಗೆಸೊಪ್ಪಿಲ್ಲದ ಕವಳಕ್ಕೆ ಆ ತೊಂದರೆಯಿಲ್ಲ.

ಮರ್ಸೋನ ಕಪ್ಪು ಟೈ ನೋಡಿ ಅವನ ಗೆಳತಿ ಮರೀ ಕೇಳುತ್ತಾಳೆ, ತಾಯಿ ನಿನ್ನೆ ಸತ್ತಳೆಂದು ಗೊತ್ತಾಗಿ ತುಸು ಹಿಂಜರಿಯುತ್ತಾಳೆ. ಟೈಗೆ ಇಲ್ಲಿನ ಸಮ ಬೋಳಿಸಿದ ತಲೆ. ಕ್ಷೌರ ಕೆಲವರಲ್ಲಿ ದಹನದ ದಿನ, ಕೆಲವರಲ್ಲಿ ಹತ್ತನೆಯ ದಿನ. ದಹನದ ದಿನ ಮಾಡುವ ಮನೆತನವನ್ನೇ ಆರಿಸಿ. ಸೂತಕದ ಹತ್ತು ದಿನ ಕೂರದೆ ಅವನು ಮರುದಿನವೇ ಅರಬೈಲ್ ಘಟ್ಟ ಇಳಿಯುವ ಬಸ್ಸು ಹತ್ತಿ ನಿದ್ದೆ ಹೋಗುತ್ತಾನೆ. ಬೋಳು ತಲೆಯಲ್ಲೇ ಹುಡುಗಿಯೊಡನೆ ಈಜುತ್ತಾನೆ. ಆರೋಪಪಟ್ಟಿ ಅವನ ತಲೆಯ ಮೇಲೇ ಇರುತ್ತದೆ.

ಇದರಿಂದ ಚಿತ್ರೀಕರಣದ ಕ್ರಮ ನಿಗದಿಯಾಗುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ದಹನದಿಂದ ಕೊಲೆಯವರೆಗೆ ಐದಾರು ಮಿಲಿಮೀಟರ್ ಆಗಿರಬೇಕು. ವಿಚಾರಣೆಯ ಹೊತ್ತಿಗೆ ಪೂರ್ತಿ ಕೂದಲು. ಆದ್ದರಿಂದ ಜೈಲು ಮತ್ತು ಕೋರ್ಟನ್ನು ಜನವರಿ, ಫೆಬ್ರುವರಿಯಲ್ಲಿ ಮುಗಿಸಿ. ಏಪ್ರಿಲ್ ಮೊದಲ ವಾರ ತಲೆ ಬೋಳಿಸಿ ಸಾವಿನ ಮನೆ, ಈಜು, ಅದರ ಮರುದಿನದ ಬಾಲ್ಕನಿ ತೆಗೆಯಿರಿ. ತಿಂಗಳ ಕೊನೆಗೆ ಕಡಲತೀರ. ಬೋಳಿಸಿದ ನೆತ್ತಿ ಮುಖಕ್ಕಿಂತ ಬಿಳಿ ಇರುತ್ತದೆ, ಮೊದಲ ದಿನ ಅದಕ್ಕೆ ಮೇಕಪ್ ಹಾಕಬೇಡಿ. ಆ ಬಿಳುಪೇ ಸಾಕ್ಷಿ.

ಇನ್ನು ಕಾದಂಬರಿಯಲ್ಲಿ ಬರುವ ಪಕ್ಕದ ಮನೆಯ ಮುದುಕನ ನಾಯಿಯ ವಿಷಯ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಚಿತ್ರೀಕರಣಕ್ಕೆ ಮುಂಚೆಯೇ ಬೇಕು. ಬೀದಿನಾಯಿ ತಾನಾಗಿ ಬಂತೆಂದರೆ ಸೆನ್ಸಾರ್ ಒಪ್ಪುವುದಿಲ್ಲ.

ಪ್ರಶ್ನೆ: ಕೊಲೆಯ ದೃಶ್ಯದಲ್ಲಿ ಬಿಸಿಲೇ ಪಾತ್ರ. ನಮ್ಮ ಕಡಲಲ್ಲಿ ಅದನ್ನು ಹೇಗೆ ಹಿಡಿಯುವುದು? (ಕಾರವಾರದ ಛಾಯಾಗ್ರಾಹಕರು)

ಅಲ್ಜೀರ್ಸ್‌ನಲ್ಲಿ ಕಡಲು ಉತ್ತರಕ್ಕೆ, ನಮ್ಮಲ್ಲಿ ಪಶ್ಚಿಮಕ್ಕೆ. ಅಲ್ಲಿ ಕಡಲ ಕಡೆ ಮುಖ ಮಾಡಿದವನಿಗೆ ಸೂರ್ಯ ಬೆನ್ನ ಕಡೆ. ಇಲ್ಲಿ ಮಧ್ಯಾಹ್ನದ ಮೇಲೆ ಕಡಲತ್ತ ನಡೆದರೆ ನೇರ ಹಣೆಗೆ ಬಡಿಯುತ್ತದೆ. ಇದು ನಮಗೆ ದಕ್ಕಿದ ಲಾಭ.

ಏಪ್ರಿಲ್ ಕೊನೆಗೆ ಕಾರವಾರದಲ್ಲಿ ಹನ್ನೆರಡೂವರೆ ಹೊತ್ತಿಗೆ ಸೂರ್ಯ ನಡುನೆತ್ತಿಗೆ ಬಂದು ನೆರಳು ಕಾಲಡಿ ಸೇರುತ್ತದೆ. ಆಗ ಕಣ್ಣು ಗುಳಿಗಳು ಕಪ್ಪಾಗಿ ಮುಖ ಸಿಗುವುದಿಲ್ಲ. ದೂರದ ನಡಿಗೆಯ ಶಾಟ್‌ಗೆ ಮಾತ್ರ ಅದು ಸರಿ. 3 ಗಂಟೆಗೆ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ, 4ಕ್ಕೆ 39, 5ಕ್ಕೆ 25. ಎದುರಾಬದುರು ನಿಲ್ಲುವ ಶಾಟ್‌ಗಳನ್ನು ಮೂರೂವರೆಯಿಂದ ನಾಲ್ಕೂವರೆಯೊಳಗೆ ತೆಗೆಯಿರಿ. ದಿನಕ್ಕೆ ಒಂದೇ ಗಂಟೆ ಸಿಗುವುದರಿಂದ ಈ ದೃಶ್ಯಕ್ಕೆ ನಾಲ್ಕು ದಿನ ಇಡಿ. ಒಂದೇ ದಿನದಲ್ಲಿ ಮುಗಿಸಲು ಹೋದವರಿಗೆ ಒಂದು ಶಾಟ್‌ನಲ್ಲಿ ಬಿಳಿ ಬೆಳಕು, ಮುಂದಿನದರಲ್ಲಿ ಸಂಜೆಯ ಹಳದಿ ಬಂದು, ಬಿಸಿಲಿನ ಒತ್ತಡವೇ ಒಡೆದುಹೋಗುತ್ತದೆ.

ಅರಬ ಹಿರಿದ ಚಾಕುವಿನ ಮಿಂಚು ಮರ್ಸೋನ ಕಣ್ಣಿಗೆ ಹೊಡೆಯಬೇಕು, ಅದು ತಾನಾಗಿ ಬರುವುದಿಲ್ಲ. 4 ಗಂಟೆಗೆ ಅಲಗು ಮಟ್ಟಸದಿಂದ ಸುಮಾರು 20 ಡಿಗ್ರಿ ಕ್ಯಾಮೆರಾದ ಕಡೆ ವಾಲಿದರೆ ಬೆಳಕು ನಾಯಕನ ಕಣ್ಣೆತ್ತರಕ್ಕೆ ಬಂದು ಹೊಡೆಯುತ್ತದೆ. ಮರದ ತುಂಡಿನಲ್ಲಿ ಆ ಕೋನದ ಅಚ್ಚು ಕೊರೆದು ನಟನ ಕೈಗೆ ಅಭ್ಯಾಸ ಮಾಡಿಸಿ.

ಕ್ಯಾಮೆರಾ ಐಎಸ್ಒ 800ರಲ್ಲಿ, ಸೆಕೆಂಡಿಗೆ 24 ಫ್ರೇಮ್, 180 ಡಿಗ್ರಿ ಶಟರ್ ಇದ್ದರೆ ಈ ಬಿಸಿಲಿಗೆ ಎಫ್ 64ರ ಹತ್ತಿರ ಬೇಕಾಗುತ್ತದೆ. ಬಿಳಿ ಮರಳಿದ್ದರೆ ಇನ್ನೂ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟು. ಅಂಥ ಬಿಳಿ ಮರಳಿನಲ್ಲಿ ಎಫ್ 5.6ಕ್ಕೆ ತೆಗೆಯಲು ಬೆಳಕು ತಗ್ಗಿಸುವ 2.4 ಎನ್‌ಡಿ ಫಿಲ್ಟರ್ ಬೇಕು, ಅಂದರೆ ಎಂಟು ಸ್ಟಾಪ್. ಇನ್‌ಫ್ರಾರೆಡ್ ತಡೆಯುವ ಎನ್‌ಡಿಯನ್ನೇ ತನ್ನಿ, ಇಲ್ಲದಿದ್ದರೆ ಕಪ್ಪು ಬಟ್ಟೆ ಕೆಂಗಂದಾಗುತ್ತದೆ. ಬೆವರು ರೆಪ್ಪೆಗಿಳಿದು ಕಣ್ಣು ಮಂಜಾಗುವುದನ್ನು ತೋರಿಸಲು ಲೆನ್ಸ್ ಮುಂದೆ ಬರಿ ಗಾಜಿನ ಫಿಲ್ಟರ್ ಹಾಕಿ, ಉಪ್ಪುನೀರಿನ ಎರಡು ಹನಿ ಮೇಲಂಚಿನಿಂದ ಇಳಿಯಬಿಡಿ. ಗ್ಲಿಸರಿನ್ ಬೆವರು ಬೇಡ, ಅದಕ್ಕೆ ಮರಳು ಮೆತ್ತುತ್ತದೆ. ಲೆನ್ಸನ್ನು ತೀರದಲ್ಲಿ ಬದಲಿಸಲೇಬೇಡಿ.

ಮಾಜಾಳಿ ಕಡೆಯ ತಿಳ್ಮಾತಿಯಲ್ಲಿ ಮರಳು ಎಳ್ಳಿನಂತೆ ಕಪ್ಪು. ಬಿಳಿ ಮರಳು ಕೆಳಗಿನಿಂದ ಮುಖಕ್ಕೆ ಬೆಳಕು ಕೊಡುತ್ತದೆ, ಕಪ್ಪು ಕೊಡುವುದಿಲ್ಲ. ಅಲ್ಲಿ ನಾಲ್ಕಡಿ ಬಿಳಿ ಬಟ್ಟೆ ನೆಲಕ್ಕೆ ಹಾಸಬೇಕು. ಆದರೂ ನನ್ನ ಆಯ್ಕೆ ಅದೇ. ಗುಡ್ಡ ಹತ್ತಿಳಿದು ಹೋಗಬೇಕಾದ್ದರಿಂದ ಸಾಮಾನು ಹೊರುವವರನ್ನು ಲೆಕ್ಕಕ್ಕೆ ಹಿಡಿಯಿರಿ. ಕಾದಂಬರಿಯಲ್ಲಿ ಅರಬ ಒರಗಿರುವುದು ಬಂಡೆಯ ಬುಡದ ಒರತೆಯ ಬಳಿ; ಆ ಒರತೆಗೆ ಚಿರೆಕಲ್ಲಿನ ಹಿಂದೆ 200 ಲೀಟರಿನ ಡ್ರಮ್ ಇಟ್ಟು ಪೈಪು ಎಳೆದರೆ, ನಿಮಿಷಕ್ಕೆ ಐದು ಲೀಟರಿನಂತೆ 40 ನಿಮಿಷ ಹರಿಯುತ್ತದೆ. ಆರ್ಗಾದ ನೌಕಾನೆಲೆಯ ಸುತ್ತ ಡ್ರೋನ್ ಹಾರಿಸುವ ಯೋಚನೆಯನ್ನೇ ಬಿಡಿ.

ಮೊದಲ ಗುಂಡು, ಆಮೇಲೆ ತಡೆ, ಆಮೇಲೆ ನಾಲ್ಕು ಗುಂಡು. ಆ ತಡೆ ಯಾಕೆ ಎಂದು ತನಿಖಾ ನ್ಯಾಯಾಧೀಶ ಮುಂದೆ ಮತ್ತೆ ಮತ್ತೆ ಕೇಳುತ್ತಾನೆ, ಉತ್ತರ ಸಿಗುವುದಿಲ್ಲ. ಅದನ್ನು ಕಟ್ ಮಾಡದೆ ಒಂದೇ ಶಾಟ್‌ನಲ್ಲಿ ಹತ್ತು ಸೆಕೆಂಡು ಹಿಡಿಯಿರಿ, ಸಂಗೀತ ಹಾಕಬೇಡಿ. ಮಧ್ಯಾಹ್ನದ ಕಡಲಗಾಳಿ ಮೈಕಿಗೆ ಬಡಿಯುವುದರಿಂದ ಅಲೆಯ ಸದ್ದನ್ನು ಬೆಳಗಿನ ಜಾವ ಬೇರೆಯಾಗಿ ದಾಖಲಿಸಿಕೊಳ್ಳಿ. ಕೋರ್ಟಿನ ದೃಶ್ಯದಲ್ಲಿ ಈ ಶಾಟ್ ಮತ್ತೆ ತೋರಿಸಬೇಡಿ.

ಪ್ರಶ್ನೆ: ಹಕ್ಕು ಯಾರಿಂದ ಪಡೆಯಬೇಕು? (ಶಿರಸಿ)

ಕಮೂ ತೀರಿಕೊಂಡದ್ದು 1960ರ ಜನವರಿ 4ರಂದು. ನಮ್ಮ ಕಾನೂನಿನಲ್ಲಿ ಲೇಖಕರು ಸತ್ತ ವರ್ಷದ ನಂತರ 60 ವರ್ಷ. ಹಾಗಾಗಿ ಫ್ರೆಂಚ್ ಮೂಲ ಭಾರತದಲ್ಲಿ 2021ರಿಂದ ಮುಕ್ತ. ಅನುವಾದಗಳ ಹಕ್ಕು ಬೇರೆ, ಅನುವಾದಕರದು. ಇಂಗ್ಲಿಷ್ ಅಥವಾ ಕನ್ನಡ ಅನುವಾದದ ಸಂಭಾಷಣೆಯನ್ನು ಎತ್ತಿಕೊಳ್ಳದೆ ಫ್ರೆಂಚ್ ಬಲ್ಲವರ ಜೊತೆ ಮೂಲದಿಂದಲೇ ಬರೆಯಿರಿ. ಫ್ರಾನ್ಸಿನಲ್ಲಿ 2030ರ ಕೊನೆವರೆಗೆ, ಅಮೆರಿಕದಲ್ಲಿ 2037ರ ಕೊನೆವರೆಗೆ ಹಕ್ಕು ಉಳಿದಿದೆ. ಅಲ್ಲಿ ತೋರಿಸುವುದಿದ್ದರೆ ಮೊದಲೇ ಅನುಮತಿ ಪಡೆಯಿರಿ, ಒಟಿಟಿ ಒಪ್ಪಂದದಲ್ಲಿ ಪ್ರದೇಶವನ್ನು ಹೆಸರಿಸಿ ಬರೆಸಿ.

ಪ್ರಶ್ನೆ: ಸತ್ತವನಿಗೆ ಮೂಲದಲ್ಲಿ ಹೆಸರೇ ಇಲ್ಲ. ನಮ್ಮಲ್ಲಿ ಅವನು ಯಾರಾಗಬೇಕು? (ಹೊನ್ನಾವರದ ಉಪನ್ಯಾಸಕರು)

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಕಮೂ ಬರೆದದ್ದು ವಸಾಹತಿನ ಅಲ್ಜೀರಿಯಾ. ಅಲ್ಲಿ ಅರಬನಿಗೆ ಹೆಸರಿಲ್ಲದಿರುವುದಕ್ಕೆ ಒಂದು ಚರಿತ್ರೆಯಿದೆ. 2013ರಲ್ಲಿ ಕಾಮೆಲ್ ದಾವೂದ್ ಆ ಸತ್ತವನಿಗೆ ಹೆಸರು, ತಮ್ಮ, ತಾಯಿ ಕೊಟ್ಟು ಕಾದಂಬರಿಯನ್ನೇ ಬರೆದರು. ಇಲ್ಲಿ ಅವನನ್ನು ಒಂದು ಧರ್ಮದ, ಒಂದು ಜಾತಿಯ ಗುರುತಿನಿಂದ ತೋರಿಸಿದರೆ ಅವನಿಗೆ ಎರಡನೆಯ ಸಲ ಅನ್ಯಾಯವಾಗುತ್ತದೆ. ಗಡಿಯಾಚೆಯಿಂದ ಕೂಲಿಗೆ ಬರುವ ಯುವಕನಾಗಿಸಿ. ನಾಯಕ ಇಲ್ಲದ ಒಂದು ದೃಶ್ಯವನ್ನು ಅವನೊಬ್ಬನಿಗೇ ಕೊಡಿ: ಒರತೆಯ ನೀರಲ್ಲಿ ಕಾಲು ತೊಳೆದು, ಮುಖಕ್ಕೆ ಎರಚಿಕೊಂಡು, ಬಂಡೆಯ ನೆರಳಿಗೆ ಒರಗುವುದು. ಎರಡು ನಿಮಿಷ ಸಾಕು. ಕೋರ್ಟಿನಲ್ಲಿ ಗುಮಾಸ್ತ ಆರೋಪಪಟ್ಟಿ ಓದುವಾಗ ಅವನ ಹೆಸರು, ತಂದೆಯ ಹೆಸರು, ಊರು ಮೂರನ್ನೂ ಗಟ್ಟಿಯಾಗಿ ಓದಲಿ, ಕ್ಯಾಮೆರಾ ಆಗ ನಾಯಕನ ಮೇಲಿರಲಿ. ಅವನು ಆ ಹೆಸರು ಕೇಳುತ್ತಿರುವುದು ಅದೇ ಮೊದಲು.