ಬೆಂದ ಸಾಸೇಜಿಗೆ ಲಿಸ್ಟೀರಿಯಾ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಸಣ್ಣ ಘಟಕ. ಕೋಳಿ ಸಾಸೇಜು, ಸಲಾಮಿ ಮಾಡಿ ಹೋಮ್‌ಸ್ಟೇಗಳಿಗೆ, ಮೈಸೂರಿನ ಅಂಗಡಿಗಳಿಗೆ ಕೊಡುತ್ತೇವೆ. ಒಳಗಡೆ 75 ಡಿಗ್ರಿ ಬರುವವರೆಗೂ ಬೇಯಿಸುತ್ತೇವೆ. ಸಂಜೆ ಎಲ್ಲವನ್ನೂ ಪ್ರೆಶರ್ ಪೈಪಿನಲ್ಲಿ ತೊಳೆದು ಬ್ಲೀಚಿಂಗ್ ಪೌಡರ್ ನೀರು ಹಾಕುತ್ತೇವೆ. ಆದರೂ ಪ್ಯಾಕೆಟ್ಟಿನಲ್ಲಿ ಲಿಸ್ಟೀರಿಯಾ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾ ಇದೆಯೆಂದು ಲ್ಯಾಬ್ ವರದಿ ಬಂದಿದೆ. ಇನ್ನೂ ಹೆಚ್ಚು ಬೇಯಿಸಬೇಕೆ?
– ಓದುಗರು, ಕೊಡಗು

ಉತ್ತರ: ಬೇಡ. ಥರ್ಮಾಮೀಟರನ್ನು ಐಸ್ ನೀರಿನಲ್ಲಿ ಅದ್ದಿ ನೋಡಿ. ಸೊನ್ನೆ ತೋರಿಸಿದರೆ ನಿಮ್ಮ ಬೇಯಿಸುವಿಕೆ ಸರಿಯಾಗಿಯೇ ಇದೆ. ಲಿಸ್ಟೀರಿಯಾ ಸೇರಿಕೊಂಡಿರುವುದು ಬೆಂದ ಮೇಲೆ, ಹೋಳು ಮಾಡಿ ಪ್ಯಾಕ್ ಮಾಡುವ ಜಾಗದಲ್ಲಿ.

ಮೊದಲು ಆ ಬ್ಯಾಚನ್ನು ಮಾರುವುದು ನಿಲ್ಲಿಸಿ, ಹೊರಗೆ ಹೋಗಿರುವುದನ್ನು ವಾಪಸ್ ತರಿಸಿ. ಫ್ರಿಜ್‌ನಲ್ಲಿದೆಯಲ್ಲ ಎಂದು ಸುಮ್ಮನಿರಬೇಡಿ, ಇದು 4 ಡಿಗ್ರಿಯಲ್ಲೂ ಬೆಳೆಯುತ್ತದೆ. ಬಸುರಿಯರಿಗೆ ತಗುಲಿದರೆ ಗರ್ಭಪಾತವಾಗಬಹುದು. 2017–18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪೊಲೋನಿ ಎಂಬ ಸಾಸೇಜಿನಿಂದ ಸಾವಿರಕ್ಕೂ ಹೆಚ್ಚು ಜನ ಕಾಯಿಲೆಬಿದ್ದರು, ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹಸುಗೂಸುಗಳೂ ಇದ್ದವು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಪ್ಯಾಕಿಂಗ್ ಕೋಣೆಯಲ್ಲಿ ಪ್ರೆಶರ್ ಪೈಪನ್ನು ಇವತ್ತೇ ಬಿಡಿ. ನೆಲದ ಮೋರಿಯೇ ಈ ಬ್ಯಾಕ್ಟೀರಿಯಾದ ನೆಲೆ. ಅಲ್ಲಿಗೆ ನೀರು ಜೋರಾಗಿ ಬಡಿದರೆ ಸಣ್ಣ ಹನಿಗಳು ಎದ್ದು ಮೇಜಿನ ಮೇಲೆ, ಸ್ಲೈಸರಿನ ಮೇಲೆ ಕೂರುತ್ತವೆ. ಮೋರಿಗೆಂದೇ ಬೇರೆ ಬಣ್ಣದ ಬ್ರಷ್ ಇಟ್ಟು ಕೈಯಲ್ಲಿ ಉಜ್ಜಿಸಿ.

ಇನ್ನು ಸ್ಲೈಸರ್. ಪ್ಲಗ್ ಕಿತ್ತು, ಬ್ಲೇಡಿನ ಹಿಂದಿನ ಗಾರ್ಡ್ ಬಿಚ್ಚಿ ನೋಡಿ. ನಾನು ಹೋದ ಎಷ್ಟೋ ಘಟಕಗಳಲ್ಲಿ ಹೊರಗೆ ಫಳಫಳ, ಗಾರ್ಡಿನ ಒಳಗೆ ಮಾತ್ರ ಬೂದು ಬಣ್ಣದ ಜಿಡ್ಡು, ಉಗುರಿನಲ್ಲಿ ಕೆರೆದರೆ ಬೆಣ್ಣೆಯಂತೆ ಬರುತ್ತದೆ. ಅದರ ಮೇಲೆ ಎಷ್ಟು ಕ್ಲೋರಿನ್ ಸುರಿದರೂ ದಂಡ, ಕೊಬ್ಬೇ ಅದರ ಶಕ್ತಿಯನ್ನು ತಿಂದುಹಾಕುತ್ತದೆ. ಮೊದಲು ಕೆರೆದು ತೆಗೆಯಿರಿ, ಬಿಸಿನೀರು, ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಕ್ಲೋರಿನ್ ಕೊನೆಗೆ. ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಸತ್ವ ಕಳೆದುಕೊಳ್ಳುತ್ತದೆ. ಅದರ ಬದಲು ಶೇ. 4ರ ಹೈಪೋಕ್ಲೋರೈಟ್ ದ್ರಾವಣ (ದ್ರವರೂಪದ ಬ್ಲೀಚ್) ಆದರೆ ಲೀಟರ್ ನೀರಿಗೆ 5 ಮಿ.ಲೀ. ಸಾಕು. ಆಸಿಡ್ ಜೊತೆ ಮಾತ್ರ ಅದನ್ನು ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ. ಹಚ್ಚಿದ ಮೇಲೆ ಹತ್ತು ನಿಮಿಷ ಬಿಟ್ಟು, ಗಾಳಿಗೆ ಪೂರ್ತಿ ಒಣಗಿಸಿ.

ಹಸಿ ಮಾಂಸ ಮುಟ್ಟಿದವರು ಅದೇ ಏಪ್ರನ್, ಅದೇ ಗಮ್‌ಬೂಟಿನಲ್ಲಿ ಪ್ಯಾಕಿಂಗಿಗೆ ಬರಕೂಡದು.

ಮುಂದಿನ ಸ್ವಾಬ್ ಪರೀಕ್ಷೆಯನ್ನು (ಜಾಗವನ್ನು ಒರೆಸಿ ತೆಗೆದ ಮಾದರಿಯ ಪರೀಕ್ಷೆ) ತೊಳೆದ ಕೂಡಲೇ ಮಾಡಿಸಬೇಡಿ. ಕೆಲಸ ಶುರುವಾಗಿ ಮೂರು ತಾಸಿನ ಮೇಲೆ ಮೋರಿ, ಸ್ಲೈಸರ್, ಟ್ರಾಲಿಯ ಚಕ್ರ, ಕೋಲ್ಡ್ ರೂಮಿನ ಫ್ಯಾನಿನ ಕೆಳಗಿನ ತಟ್ಟೆ, ಇವುಗಳಿಂದ ಬೇರೆ ಬೇರೆಯಾಗಿ ಸ್ವಾಬ್ ತೆಗೆಸಿ. ಎಲ್ಲಿ ಸಿಕ್ಕಿತು ಎಂದು ಬರೆದು ತಿಳಿಸಿ.