ಹಿರಿಯರಿಂದ ಬಂದ ಕೈತೋಟದಲ್ಲಿ ಯಾವುದು ಗಿಡ, ಯಾವುದು ಕಳೆ ಎಂದು ಗುರುತಿಸುವುದು ಹೇಗೆ?

ದೊಡ್ಡಪ್ಪನವರ ಕೈತೋಟ ನಿಮ್ಮ ಪಾಲಿಗೆ ಬಂದಿದೆ, ಎರಡು ವರ್ಷದಿಂದ ಯಾರೂ ಕೈಯಾಡಿಸಿಲ್ಲ, ನೆಟ್ಟಿದ್ದು ಯಾವುದು ತಾನಾಗಿ ಹುಟ್ಟಿದ್ದು ಯಾವುದು ತಿಳಿಯುತ್ತಿಲ್ಲ, ಆ್ಯಪ್ ಒಂದೇ ಗಿಡಕ್ಕೆ ಮೂರು ಹೆಸರು ಹೇಳುತ್ತಿದೆ. ಆಳು ಹಿಡಿದು ಒಮ್ಮೆಗೇ ಎಲ್ಲ ಕೀಳಿಸಿ ಹೊಸದಾಗಿ ಶುರು ಮಾಡಲೇ ಎಂದು ಕೇಳಿದ್ದೀರಿ.

ದಯವಿಟ್ಟು ಕೀಳಿಸಬೇಡಿ. ಗಡ್ಡೆಯಿಂದ ಬರುವ ಎಷ್ಟೋ ಹೂಗಿಡಗಳು ವರ್ಷದಲ್ಲಿ ಕೆಲವು ತಿಂಗಳು ಎಲೆಯೆಲ್ಲ ಒಣಗಿ ಮಣ್ಣಿನಡಿ ಮಲಗಿರುತ್ತವೆ. ಖಾಲಿ ಜಾಗವೆಂದು ಅಗೆದರೆ ಗುದ್ದಲಿಗೆ ಸಿಕ್ಕಿ ಹೋಳಾಗುತ್ತವೆ. ಇನ್ನೊಂದು ಕಾರಣ ಕಳೆಯದೇ. ಹಳೆಯ ತೋಟದ ಮಣ್ಣಿನಲ್ಲಿ ವರ್ಷಗಳಿಂದ ಉದುರಿದ ಕಳೆಬೀಜ ಜೀವ ಹಿಡಿದುಕೊಂಡಿರುತ್ತದೆ, ಎಷ್ಟೋ ಜಾತಿಯ ಬೀಜಕ್ಕೆ ಮೊಳೆಯಲು ಬೇಕಾದ್ದು ತುಸು ಬೆಳಕು. ಮಣ್ಣನ್ನು ಪೂರ್ತಿ ಮಗುಚಿದರೆ ಅದೆಲ್ಲ ಮೇಲೆ ಬಂದು, ಈಗಿರುವುದಕ್ಕಿಂತ ದಟ್ಟವಾಗಿ ಹುಟ್ಟುತ್ತದೆ.

ಹಾಗೆಂದು ಕೈಕಟ್ಟಿ ಕೂರುವುದೂ ಸರಿಯಲ್ಲ. ಗಿಡದ ಹೆಸರು ಖಚಿತವಾಗುವುದು ಹೂವು, ಕಾಯಿ ಬಂದ ಮೇಲೆ. ಕಳೆಯನ್ನು ತೆಗೆಯಬೇಕಾದ್ದು ಹೂ ಬರುವ ಮೊದಲು. ಈ ಎರಡನ್ನೂ ಹೊಂದಿಸಲು ಒಂದು ಕ್ರಮ ಇದೆ. ಹೆಸರು ಗೊತ್ತಿಲ್ಲದ ಒಂದು ಜಾತಿ ಹತ್ತಾರು ಕಡೆ ಚೆಲ್ಲಾಪಿಲ್ಲಿ ಹುಟ್ಟಿದ್ದರೆ ಅದರಲ್ಲಿ ಎರಡು ಗಿಡಕ್ಕೆ ಕೋಲು ಊರಿ, ಬಣ್ಣದ ದಾರ ಕಟ್ಟಿ ಉಳಿಸಿಕೊಳ್ಳಿ. ಮಿಕ್ಕದ್ದನ್ನು ಕೀಳಿ. ಉಳಿಸಿದ್ದು ಹೂ ಬಿಟ್ಟ ಮೇಲೆ ಗುರುತಿಸಿ. ಕಾಯಿಯನ್ನೂ ನೋಡಬೇಕಾದರೆ ಹೂಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿದರೆ ಬೀಜ ಚೆಲ್ಲುವುದಿಲ್ಲ. ತೋಟದಲ್ಲಿ ಒಂದೋ ಎರಡೋ ಇರುವ ಗಿಡವನ್ನು ಮಾತ್ರ, ಅದು ಎಷ್ಟೇ ಕಳೆಯಂತೆ ಕಂಡರೂ, ಒಂದು ವರ್ಷ ಮುಟ್ಟಬೇಡಿ. ಅದು ಯಾರೋ ಕಷ್ಟಪಟ್ಟು ತಂದು ನೆಟ್ಟದ್ದಿರಬಹುದು.

ಮೊದಲು ಒಂದು ನಕ್ಷೆ ಮಾಡಿಕೊಳ್ಳಿ. ಸುಮಾರು ಎರಡು ಮೀಟರ್ ಚೌಕಗಳಾಗಿ ತೋಟವನ್ನು ಕಾಗದದ ಮೇಲೆ ಭಾಗ ಮಾಡಿ, ಪ್ರತಿ ಅಪರಿಚಿತ ಗಿಡಕ್ಕೂ ಒಂದು ಸಂಖ್ಯೆ ಕೊಡಿ. ಗಿಡಕ್ಕೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲೇ ಬರೆಯಿರಿ. ಮಾರ್ಕರ್ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ. ನಕ್ಷೆ ಬರೆಯುವಾಗಲೇ ಅರ್ಧ ಉತ್ತರ ಸಿಗುತ್ತದೆ, ಏಕೆಂದರೆ ಗಿಡ ನಿಂತ ಜಾಗವೇ ಸಾಕ್ಷಿ. ಸಾಲಿನಲ್ಲಿ, ಸಮ ಅಂತರದಲ್ಲಿ, ಕಲ್ಲಿನ ಅಂಚಿನೊಳಗೆ ಇದ್ದರೆ, ಹಳೆಯ ಕತ್ತರಿಯ ಗುರುತು ಕೊಂಬೆಯ ಮೇಲಿದ್ದರೆ ಅದು ನೆಟ್ಟದ್ದು. ಬೇಲಿ, ತಂತಿ, ದೊಡ್ಡ ಮರದ ಕೊಂಬೆ ಇವುಗಳ ಕೆಳಗೆ ಬಂದದ್ದು ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜದ್ದಿರಬಹುದು. ಒಂದೇ ಜಾತಿ ಮೊಳಕೆಯಿಂದ ಹಿಡಿದು ಮೊಣಕಾಲೆತ್ತರದವರೆಗೆ ಎಲ್ಲ ವಯಸ್ಸಿನಲ್ಲೂ ಕಂಡರೆ ತಾನೇ ಬೀಜ ಉದುರಿಸಿ ಹರಡುತ್ತಿದೆ ಎಂದರ್ಥ.

ಇನ್ನು ಗಿಡವನ್ನು ಓದುವುದು. ಹೆಚ್ಚಿನವರು ಎಲೆಯ ಆಕಾರದಿಂದ ಶುರು ಮಾಡಿ ಎಡವುತ್ತಾರೆ. ನೆರಳು, ನೀರು, ವಯಸ್ಸಿಗೆ ತಕ್ಕಂತೆ ಒಂದೇ ಗಿಡದಲ್ಲಿ ಆಕಾರ ಬದಲಾಗುತ್ತದೆ. ಅಷ್ಟು ಸುಲಭಕ್ಕೆ ಬದಲಾಗದ್ದು ಎಲೆ ಕಾಂಡಕ್ಕೆ ಕೂಡುವ ರೀತಿ: ಗೆಣ್ಣಿಗೆ ಒಂದು ಎಲೆಯೋ, ಎದುರುಬದುರು ಎರಡೋ, ಸುತ್ತಲೂ ಮೂರೋ ನಾಲ್ಕೋ. ಇದನ್ನು ನೋಡಬೇಕಾದರೆ ಮೊದಲು ಎಲೆ ಎಂದರೆ ಯಾವುದು ಎಂಬುದು ತಿಳಿಯಬೇಕು. ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ, ಅಂದರೆ ಎಲೆಯ ಕಂಕುಳಲ್ಲಿ, ಒಂದು ಮೊಗ್ಗು ಇರುತ್ತದೆ. ಮೊಗ್ಗು ಇದ್ದರೆ ಅದರ ಕೆಳಗಿನದು ಪೂರ್ತಿ ಎಲೆ. ಮೊಗ್ಗಿಲ್ಲದೆ ಒಂದು ದಂಟಿನ ಎರಡೂ ಬದಿ ಸಾಲಾಗಿ ಕೂತಿದ್ದರೆ ಅವು ಕಿರುಎಲೆಗಳು. ಇಡೀ ದಂಟು ಸೇರಿ ಒಂದು ಎಲೆ. ನೆಲನೆಲ್ಲಿ ಇಲ್ಲಿ ಎಲ್ಲರನ್ನೂ ಮೋಸಗೊಳಿಸುತ್ತದೆ. ದೂರದಿಂದ ನೋಡಿದರೆ ಹುಣಸೆ ಎಲೆಯಂತೆ ಕಾಣುವ ಅದರ ಕಡ್ಡಿಯನ್ನು ತಿರುಗಿಸಿ ನೋಡಿ: ಪ್ರತಿ ಎಲೆಯ ಕಂಕುಳಲ್ಲೂ ಸಾಸಿವೆ ಗಾತ್ರದ ಕಾಯಿ ಸಾಲಾಗಿ ತೂಗುತ್ತಿರುತ್ತದೆ. ಕಂಕುಳಲ್ಲಿ ಕಾಯಿ ಇದೆ ಎಂದ ಮೇಲೆ ಅವು ಕಿರುಎಲೆಗಳಲ್ಲ, ಎಲೆಗಳೇ. ಆ ಕಡ್ಡಿ ಒಂದು ಪುಟ್ಟ ಕೊಂಬೆ.

ಆಮೇಲೆ ಕಾಂಡವನ್ನು ಬೆರಳ ನಡುವೆ ಉರುಳಿಸಿ. ಚೌಕ ಕಾಂಡ, ಎದುರುಬದುರು ಎಲೆ, ಉಜ್ಜಿದರೆ ಘಮ ಇದ್ದರೆ ತುಳಸಿ, ಪುದೀನದ ಕುಟುಂಬದ ಕಡೆ ಹುಡುಕಿ; ತುಂಬೆಯೂ ಅದೇ ಕುಟುಂಬ. ಆದರೆ ಲಂಟಾನದ ಕಾಂಡವೂ ಚೌಕ, ಎಲೆಗೂ ಖಾರ ವಾಸನೆ. ಕಾಂಡದ ಏಣಿನ ಮೇಲೆ ಕೊಕ್ಕೆ ಮುಳ್ಳು ತಾಗಿದರೆ ಅದು ಲಂಟಾನ. ಕೈಗವಸು ಹಾಕಿ ಒಂದು ಎಲೆ ಮುರಿದು ನೋಡಿ. ಬಿಳಿ ಹಾಲು ಬಂದರೆ ಹುಡುಕಾಟ ಕೆಲವೇ ಕುಟುಂಬಗಳಿಗೆ ಇಳಿಯುತ್ತದೆ. ನೆಲಕ್ಕೆ ಒತ್ತಿ ಹಬ್ಬುವ ಗೋಣಿಸೊಪ್ಪು ಮತ್ತು ಯೂಫೋರ್ಬಿಯಾ ಜಾತಿಯ ಕಳೆ ಎರಡನ್ನೂ ಬೇರೆ ಮಾಡುವುದು ಇದೊಂದೇ ಪರೀಕ್ಷೆಯಿಂದ. ಗೋಣಿಸೊಪ್ಪಿನ ಎಲೆ ದಪ್ಪ, ರಸ ನೀರಿನಂತೆ. ಇನ್ನೊಂದರ ಎಲೆ ತೆಳು, ಮುರಿದ ಕೂಡಲೇ ಹಾಲು. ಆ ಹಾಲು ಕಣ್ಣಿಗೆ ತಾಗಿದರೆ ಉರಿ ವಿಪರೀತ, ಹಾಗಾಗಿ ಮುಟ್ಟಿದ ಕೈಯನ್ನು ಮುಖದತ್ತ ಒಯ್ಯಬೇಡಿ. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಸಸಿಯಲ್ಲಿ ಹಾಲಿದ್ದು, ಪ್ರತಿ ಗೆಣ್ಣಿನಲ್ಲೂ ಉಂಗುರದಂಥ ಗೆರೆ ಇದ್ದರೆ ಅದು ಆಲ, ಅರಳಿ, ಅತ್ತಿಯ ಪೈಕಿ. ಹೆಸರು ಪೂರ್ತಿ ತಿಳಿಯುವವರೆಗೆ ಕಾಯದೆ ಬೇರುಸಮೇತ ತೆಗೆಯಿರಿ. ಬೇರು ದಪ್ಪವಾದರೆ ಗೋಡೆ ಉಳಿಯುವುದಿಲ್ಲ.

ಹುಲ್ಲಿನಂತೆ ಕಾಣುವುದರಲ್ಲಿ ಆಗುವ ತಪ್ಪೇ ಹೆಚ್ಚು ದುಬಾರಿ. ಕಾಂಡ ದುಂಡಗಿದ್ದು, ಗೆಣ್ಣುಗಳು ಎದ್ದು ಕಂಡು, ಎಲೆ ಎರಡು ಸಾಲಿನಲ್ಲಿದ್ದರೆ ನಿಜವಾದ ಹುಲ್ಲು. ಹೂದಂಟು ಮುಕ್ಕೋನವಾಗಿದ್ದು, ಗಟ್ಟಿಯಾಗಿದ್ದು, ಎಲೆ ಮೂರು ದಿಕ್ಕಿಗೆ ಹೊರಟಿದ್ದರೆ ಜೇಕಿನ ಜಾತಿ. ಕೊನ್ನಾರಿ ಗಡ್ಡೆ ಎಂದರೂ ಇದೇ. ಇದನ್ನು ಮೇಲಿನಿಂದ ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ. ಕೆಳಗೆ ತಂತಿಯಂಥ ಬೇರುಕಾಂಡದಲ್ಲಿ ಗಡ್ಡೆಗಳು ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಸರಪಣಿ ತುಂಡಾದ ಕೂಡಲೇ ಅಲ್ಲಿಯವರೆಗೆ ಸುಮ್ಮನಿದ್ದ ಗಡ್ಡೆಗಳೂ ಚಿಗುರುತ್ತವೆ. ಗುದ್ದಲಿಯಿಂದ ಕೊಚ್ಚಿದಷ್ಟೂ ಜಾಸ್ತಿಯಾಗುವುದು ಇದಕ್ಕೇ. ಮಣ್ಣು ಹಸಿ ಇರುವಾಗ ಹಲ್ಲುಗುದ್ದಲಿಯಿಂದ ಮಣ್ಣುಹೆಂಟೆಯನ್ನೇ ಎತ್ತಿ, ಗಡ್ಡೆ ಆರಿಸಿ ತೆಗೆಯಬೇಕು. ಉಳಿದದ್ದು ಚಿಗುರಿದಂತೆ ಎರಡು ಮೂರು ವಾರಕ್ಕೊಮ್ಮೆ ತೆಗೆಯುತ್ತಲೇ ಇದ್ದರೆ ಹೊಸ ಗಡ್ಡೆ ಕಟ್ಟಲು ಬಿಡುವಾಗುವುದಿಲ್ಲ, ಹಳೆಯದರ ಶಕ್ತಿಯೂ ಕ್ರಮೇಣ ಮುಗಿಯುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಅದರ ಚೂಪು ಚಿಗುರು ಹಾಳೆಯನ್ನೇ ತೂರಿ ಬರುತ್ತದೆ. ಗರಿಕೆಯ ಕಥೆ ಬೇರೆ. ಅದರ ಗೆಣ್ಣಿನ ತುಂಡೊಂದು ಉಳಿದರೂ ಹಬ್ಬುತ್ತದೆ ನಿಜ, ಆದರೆ ದಪ್ಪ ರಟ್ಟು ಹೊದಿಸಿ ಕೆಲವು ತಿಂಗಳು ಬೆಳಕು ತಪ್ಪಿಸಿದರೆ ಸೊರಗುತ್ತದೆ. ಹುಲ್ಲಿನಂಥ ಎಲೆಯ ಬುಡದಲ್ಲಿ ಈರುಳ್ಳಿಯಂಥ ಗಡ್ಡೆ ಕಂಡರೆ ನಿಲ್ಲಿಸಿ, ಮಣ್ಣು ಮುಚ್ಚಿ. ಅದು ಹೂಗಿಡವೇ ಇರಬಹುದು.

ಕಾಯದೆ ತೆಗೆಯಬೇಕಾದ್ದು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಹುಲ್ಲು. ಮೊಳೆತು ಒಂದೂವರೆ ತಿಂಗಳೊಳಗೇ ಹೂ ಬಿಡಬಲ್ಲದು, ಬಲಿತ ಒಂದು ದೊಡ್ಡ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಎಳೆಯದಿದ್ದಾಗ ನೆಲಕ್ಕೆ ಅಂಟಿದ ಎಲೆಸುತ್ತು ಸೇವಂತಿಗೆ, ಚೆಂಡುಹೂವಿನ ಸಸಿಯಂತೆ ಕಾಣುವುದರಿಂದ ಜನ ಬೆಳೆಸಿಕೊಂಡುಬಿಡುತ್ತಾರೆ. ಚೆಂಡುಹೂವಿನ ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆಚುಕ್ಕೆಗಳು ಕಾಣುತ್ತವೆ, ಉಜ್ಜಿದರೆ ಗಾಢ ವಾಸನೆ. ಸೇವಂತಿಗೆಯ ಎಲೆ ಇಷ್ಟು ನುಣ್ಣಗೆ ಸೀಳಿರುವುದಿಲ್ಲ, ಅದಕ್ಕೂ ತನ್ನದೇ ಘಮ ಇದೆ. ಪಾರ್ಥೇನಿಯಂ ಎಲೆ ಮೃದುರೋಮದ್ದು, ಕಾಂಡ ಏಳುವಾಗ ಉದ್ದುದ್ದ ಗೀರು ಕಾಣುತ್ತದೆ. ಮೈ ಮುಟ್ಟಿದರೆ ಚರ್ಮಕ್ಕೆ ಅಲರ್ಜಿ ತರುವ ಗಿಡ. ಉದ್ದ ತೋಳಿನ ಅಂಗಿ, ಕೈಗವಸು ಹಾಕಿ, ಮಣ್ಣು ಹಸಿ ಇರುವಾಗ ಬೇರುಸಮೇತ ಕೀಳಿ. ಬುಡ ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಹಳೆಯ ಮರಗಳನ್ನೂ ತಲೆಯೆತ್ತಿ ನೋಡಿ. ಒಂದೇ ಮರದಲ್ಲಿ ಒಂದು ಗೊಂಚಲು ಎಲೆ ಮಾತ್ರ ಬೇರೆ ಥರ ಇದ್ದರೆ ಅದು ಬಂದಳಿಕೆ, ಅಂದರೆ ಕೊಂಬೆಯೊಳಗೆ ಬೇರಿಳಿಸಿ ಬದುಕುವ ಪರಾವಲಂಬಿ ಗಿಡ. ಅಂಟಿದ ಜಾಗದಿಂದ ಕನಿಷ್ಠ 30 ಸೆಂಟಿಮೀಟರ್ ಕೆಳಗೆ, ಮರದ ಕಡೆಗೆ, ಕೊಂಬೆಯನ್ನೇ ಕತ್ತರಿಸಿ. ಬರಿಯ ಎಲೆ ಕಿತ್ತರೆ ಒಳಗೆ ಇಳಿದ ಬೇರು ಮತ್ತೆ ಚಿಗುರುತ್ತದೆ. ಗುಲಾಬಿಯಲ್ಲೋ ನಿಂಬೆ, ಕಿತ್ತಳೆಯಲ್ಲೋ ಬುಡದಿಂದ ಎದ್ದ ಚಿಗುರಿನ ಎಲೆ, ಮುಳ್ಳು ಬೇರೆಯೇ ಇದ್ದರೆ ಅದು ಹೊಸ ಗಿಡವಲ್ಲ, ಕಸಿಗಂಟಿನ ಕೆಳಗಿನ ಕಾಡುಬೇರಿನದು. ಬಿಟ್ಟರೆ ಒಳ್ಳೆಯ ಗಿಡವನ್ನು ಸೊರಗಿಸುತ್ತದೆ.

ಆ್ಯಪ್ ಮೂರು ಹೆಸರು ಹೇಳುವುದಕ್ಕೆ ಸಾಮಾನ್ಯ ಕಾರಣ ಫೋಟೋ. ಎಲೆಯ ಮೇಲ್ಮೈ ಒಂದನ್ನೇ, ಅದೂ ಹಿಂದೆ ಇನ್ನೆರಡು ಗಿಡ ಕಾಣುವಂತೆ ತೆಗೆದಿರುತ್ತೀರಿ. ಇಡೀ ಗಿಡ, ಗೆಣ್ಣು, ಎಲೆಯ ಎರಡೂ ಮೈ, ಹೂವಿನ ಮುಂದು ಮತ್ತು ಬದಿ, ಕಾಯಿ, ಬುಡ ಬೇರೆ ಬೇರೆಯಾಗಿ ಬೇಕು. ಪಕ್ಕದಲ್ಲಿ ಅಳತೆಗೆ ಸ್ಕೇಲ್ ಇಡಿ, ಹಿಂದೆ ಒಂದು ಹಾಳೆ ಹಿಡಿಯಿರಿ. ಪ್ಲಾಂಟ್‌ನೆಟ್‌ನಲ್ಲಿ ಇದು ಎಲೆ, ಇದು ಹೂವು ಎಂದು ಹೇಳಿ ಒಂದೇ ಗಿಡದ ಹಲವು ಚಿತ್ರ ಕೊಡಬಹುದು. ಐನ್ಯಾಚುರಲಿಸ್ಟ್‌ನಲ್ಲಿ ಬೇರೆ ಬಳಕೆದಾರರೂ ನೋಡಿ ತಿದ್ದುತ್ತಾರೆ. ಬಂದ ಮೂರು ವೈಜ್ಞಾನಿಕ ಹೆಸರಿನ ಮೊದಲ ಪದ, ಅಂದರೆ ಕುಲದ ಹೆಸರು, ಒಂದೇ ಇದ್ದರೆ ಅಷ್ಟರ ಮಟ್ಟಿಗೆ ನಂಬಿ. ಮೂರೂ ಬೇರೆ ಕುಟುಂಬದವಾದರೆ ಮೂರನ್ನೂ ಬಿಡಿ. ತಳಿ ಬೆರೆಸಿದ ಅಲಂಕಾರದ ಗಿಡಗಳಲ್ಲಿ ಆ್ಯಪ್ ತಡವರಿಸುವುದು ಸಹಜ.

ಆ್ಯಪ್ ಹೇಳಿತೆಂದು ಯಾವ ಸೊಪ್ಪನ್ನೂ, ಗಡ್ಡೆಯನ್ನೂ ಬಾಯಿಗೆ ಹಾಕಬೇಡಿ, ರುಚಿ ನೋಡಲಿಕ್ಕೂ ಬೇಡ. ಮಕ್ಕಳೋ ಸಾಕುಪ್ರಾಣಿಯೋ ಇದ್ದರೆ ಮೊದಲ ದಿನವೇ ಹುಡುಕಬೇಕಾದವು ಇವು: ಕಣಗಿಲೆ, ದತ್ತೂರಿ, ಗುಲಗಂಜಿ ಬಳ್ಳಿ, ಹರಳು, ಅಗ್ನಿಶಿಖೆ. ಅಗ್ನಿಶಿಖೆಗೆ ಹೂ ಇಲ್ಲದಾಗಲೂ ಗುರುತು ಇದೆ: ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿದಿರುತ್ತದೆ. ಅದರ ಗಡ್ಡೆ ಗೆಣಸಿನಂತೆ ಕಂಡರೂ ಪ್ರಾಣಾಂತಕ. ಕಣಗಿಲೆಯ ಕಡ್ಡಿಯನ್ನು ಸುಡಲೂಬೇಡಿ, ಹೊಗೆಯಲ್ಲೂ ವಿಷ ಇರುತ್ತದೆ. ಕಿತ್ತ ಕಳೆಯಲ್ಲಿ ಹೂ ಬಂದದ್ದನ್ನು, ಜೇಕಿನ ಗಡ್ಡೆಯನ್ನು, ಗರಿಕೆಯ ಬೇರನ್ನು ಮನೆಯ ಗೊಬ್ಬರದ ಗುಂಡಿಗೆ ಹಾಕಿದರೆ ಗೊಬ್ಬರದ ಜೊತೆ ಮತ್ತೆ ತೋಟಕ್ಕೇ ಬರುತ್ತವೆ. ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಹಲವು ದಿನ ನಿಲ್ಲದೆ ಅವು ಸಾಯುವುದಿಲ್ಲ, ಚಿಕ್ಕ ಗುಂಡಿಯಲ್ಲಿ ಅಷ್ಟು ಬಿಸಿಯೇರುವುದು ಕಷ್ಟ. ಗುರುತು ಸಿಗದ ಗಿಡದ ಮೇಲೆ ಕಳೆನಾಶಕ ಹೊಡೆಯುವ ಮಾತೇ ಬೇಡ.

ಹೂ ಬಂದ ಮೇಲೂ ಹೆಸರು ಸಿಗದ ಕೆಲವು ಉಳಿಯುತ್ತವೆ. ಅವುಗಳ ಹೂ, ಕಾಯಿ, ಎಲೆ ಇರುವ ಒಂದು ಕೊಂಬೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಬಿಡಿಸಿ, ಒಂದೆರಡು ಎಲೆಯನ್ನು ಮಗುಚಿ ಅಡಿಮೈ ಕಾಣುವಂತೆ ಇಟ್ಟು, ಮೇಲೆ ರಟ್ಟು, ಭಾರ ಹೇರಿ. ಮೊದಲ ನಾಲ್ಕೈದು ದಿನ ಹಾಳೆಯನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ವಾರ ಹತ್ತು ದಿನಕ್ಕೆ ಗರಿಗರಿಯಾಗುತ್ತದೆ. ಒಣಗಿದ ಮೇಲೆ ಹೂವಿನ ಬಣ್ಣ, ವಾಸನೆ, ಹಾಲಿತ್ತೇ, ಎತ್ತರ ಎಷ್ಟಿತ್ತು ಎಂಬುದು ಯಾವುದೂ ಉಳಿಯುವುದಿಲ್ಲವಾದ್ದರಿಂದ ಅವನ್ನು ತಾರೀಕು ಹಾಗೂ ನಿಮ್ಮ ನಕ್ಷೆಯ ಸಂಖ್ಯೆಯ ಜೊತೆ ಅದೇ ದಿನ ಚೀಟಿಯಲ್ಲಿ ಬರೆದಿಡಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಇದನ್ನು ಒಯ್ದರೆ ಅವರು ಹೆಸರು ಹುಡುಕಲು ಬೇಕಾದ್ದೆಲ್ಲ ಅದರಲ್ಲೇ ಇರುತ್ತದೆ.