ಜೋಕಿಚ್ ಆಡಿದ ಲೀಗ್‌ನಲ್ಲಿ ಅಷ್ಟು ದೇಶಗಳು ಯಾಕೆ?

ಸರ್ಬಿಯಾದ ಬ್ಯಾಸ್ಕೆಟ್‌ಬಾಲ್ ಆಟಗಾರ ನಿಕೋಲಾ ಜೋಕಿಚ್ ಬೆಳೆದ ಎಬಿಎ ಲೀಗ್‌ನಲ್ಲಿ ಸರ್ಬಿಯಾ ಜೊತೆ ಕ್ರೊಯೇಷಿಯಾ, ಸ್ಲೊವೇನಿಯಾ ತಂಡಗಳೂ ಯಾಕಿವೆ ಅಂತ ಕೇಳಿದ್ದೀರಿ. ಅದು ಒಂದೇ ದೇಶದ ಲೀಗ್ ಅಲ್ಲ. ಹಳೆಯ ಯುಗೊಸ್ಲಾವಿಯಾ ಒಡೆದ ಮೇಲೆ ಹುಟ್ಟಿದ ದೇಶಗಳ ಕ್ಲಬ್‌ಗಳೇ ಹೆಚ್ಚಾಗಿ ಸೇರಿ ಆಡುವ ಲೀಗ್, 2001ರಲ್ಲಿ ಶುರುವಾಯಿತು.

ದೇಶ ಒಡೆದಾಗ ಬ್ಯಾಸ್ಕೆಟ್‌ಬಾಲ್ ಕೂಡ ಚೂರಾಯಿತು. ಪುಟ್ಟ ದೇಶದೊಳಗೆ ದೊಡ್ಡ ಕ್ಲಬ್‌ಗಳಿಗೆ ಗಟ್ಟಿ ಎದುರಾಳಿಗಳು ಸಿಗುವುದು ಕಷ್ಟ, ಟಿವಿ ಹಣವೂ ಕಡಿಮೆ. ಅದಕ್ಕೇ ಒಂದಾದರು. ದೇಶ ಒಡೆದಾಗ ಈ ದೇಶಗಳ ನಡುವೆ ನಡೆದ ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದವು, ಅದು ಸಣ್ಣ ಮಾತಲ್ಲ ಅಲ್ವಾ? ಹಾಗಂತ ದೇಶದ ಲೀಗ್‌ಗಳು ನಿಂತಿಲ್ಲ, ಅವೂ ನಡೆಯುತ್ತವೆ.

ಜೋಕಿಚ್ ಸರ್ಬಿಯಾದ ‘ಮೆಗಾ’ ಎಂಬ ಕ್ಲಬ್‌ನಲ್ಲಿದ್ದು 2014–15ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಾದರು. ನೋಡಲು ಶುರು ಮಾಡುವುದಾದರೆ ಪಾರ್ಟಿಜಾನ್ ಮತ್ತು ಕ್ರ್ವೆನಾ ಜ್ವೆಜ್ದಾ ಪಂದ್ಯವನ್ನೇ ಮೊದಲು ನೋಡಿ. ಎರಡೂ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನ ಕ್ಲಬ್‌ಗಳು, ಪೈಪೋಟಿ ತುಂಬಾ ಜಾಸ್ತಿ.